ಕೋಟೆಗಿಂತ ಮೊದಲು ಹುಲ್ಲು

ಚಿತ್ರದುರ್ಗದ ಚರಿತ್ರೆ ಎಂದರೆ ನಮಗೆ ಕಲ್ಲಿನ ಚರಿತ್ರೆ. ಏಳು ಸುತ್ತಿನ ಕೋಟೆ, ಒನಕೆ ಹಿಡಿದ ಓಬವ್ವ, ಕೊನೆಯ ಮದಕರಿ ನಾಯಕ, 1779ರಲ್ಲಿ ಹೈದರನ ಗೆಲುವು. ಶಾಲೆಯ ಪಾಠದಿಂದ ಹಿಡಿದು ತ.ರಾ.ಸು. ಅವರ ‘ದುರ್ಗಾಸ್ತಮಾನ’ದವರೆಗೆ ಕಥೆಯೆಲ್ಲ ಬಂಡೆಗಳ ಸುತ್ತಲೇ ಸುತ್ತುತ್ತದೆ. ಅದರಲ್ಲಿ ತಪ್ಪೇನಿಲ್ಲ, ಅಂಥ ಬಂಡೆಗಳಿದ್ದ ಮೇಲೆ ಯಾರ ಕಣ್ಣಾದರೂ ಅಲ್ಲಿಗೇ ಹೋಗುತ್ತದೆ. ಆದರೆ ಬಂಡೆಯ ಮೇಲೆ ಬೆಳೆ ಬೆಳೆಯುವುದಿಲ್ಲ. ಆ ಕೋಟೆ ಕಟ್ಟಿದವರ ಸಂಪತ್ತು ಎಲ್ಲಿಂದ ಬಂತು, ಅವರ ಜನ ಮೊದಲು ಯಾವ ಕಸುಬಿನವರು ಎಂದು ಕೇಳಿದರೆ ಬೆಟ್ಟ ಇಳಿದು ಭರಮಸಾಗರ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಳ್ಳಕೆರೆಗಳ ಬಯಲಿಗೆ ಬರಬೇಕಾಗುತ್ತದೆ. ಆ ಬಯಲಿನ ಬಗ್ಗೆ ನಮ್ಮ ಸಾಮಾನ್ಯ ತಿಳಿವಳಿಕೆ ಹೀಗಿದೆ: ಅದು ಮಳೆಯಿಲ್ಲದ ಬರಡು ಸೀಮೆ, ಕೆರೆ ಕಟ್ಟಿದ ಕಡೆ ಬದುಕಿತು, ಕಟ್ಟದ ಕಡೆ ಪಾಳುಬಿತ್ತು, ದನ ಕುರಿ ಮೇಯಿಸಿದ್ದು ಬೇರೆ ದಾರಿ ಕಾಣದವರ ಪಾಡು. ಈ ತಿಳಿವಳಿಕೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಈ ನೆಲ ಉಳುಮೆಗೆ ಕಾಯುತ್ತಾ ಪಾಳು ಬಿದ್ದಿದ್ದ ನೆಲವಲ್ಲ. ಯೋಚಿಸಿ, ಕಟ್ಟುಪಾಡು ಮಾಡಿಕೊಂಡು, ಕೆಲವು ಶತಮಾನಗಳ ಕಾಲ ನಡೆಸಿಕೊಂಡು ಬಂದ ದನದ ಸೀಮೆ. ಪಾಳೆಯಗಾರರೂ ಮೈಸೂರಿನ ದೊರೆಗಳೂ ಕಂಪನಿಯವರೂ ತಮ್ಮ ಬಲದ ಒಂದು ದೊಡ್ಡ ಪಾಲನ್ನು ಇಂಥ ಹುಲ್ಲಿನಿಂದಲೇ ಪಡೆದರು. ಅದು ಬರಡು ಎನಿಸಿಕೊಂಡದ್ದು ಬಹಳ ಈಚೆಗೆ, ಕಂದಾಯದ ಲೆಕ್ಕ ಬರೆಯುವವರ ಪುಸ್ತಕದಲ್ಲಿ.

ಮೊದಲ ಸಾಕ್ಷಿ ನಾಯಕರ ವಂಶಕಥೆಯಲ್ಲೇ ಇದೆ. ಕಾಮಗೇತಿ ವಂಶದ ಬೇಡರು ತಿರುಪತಿಯ ಕಡೆಯ ಜಡಿಕಲ್ಲು ದುರ್ಗದಿಂದ ಬಂದು ಭರಮಸಾಗರದ ಹತ್ತಿರದ ನೀರ್ಥಡಿಯಲ್ಲಿ ನೆಲೆಸಿದರೆಂದು ಸಂಪ್ರದಾಯ ಹೇಳುತ್ತದೆ. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಇದನ್ನೇ ದಾಖಲಿಸಿದ್ದಾನೆ. ಅವರು ಮ್ಯಾಸಬೇಡರು, ಅಂದರೆ ಊರೊಳಗಿನ ಬೇಡರಲ್ಲ, ದನದ ಹಿಂಡಿನ ಜೊತೆ ಬಯಲಲ್ಲಿ ಬದುಕುವವರು. ಆ ವಂಶದ ತಿಮ್ಮಣ್ಣ ನಾಯಕ ಹೊಸದುರ್ಗ ಸೀಮೆಯ ಮತ್ತೋಡಿನಲ್ಲಿ ಕಾಲೂರಿ, ವಿಜಯನಗರದ ಕೃಪೆಯಿಂದ ಅಲ್ಲಿಯ ನಾಯಕನಾಗಿ, ಬಳಿಕ ಹೊಳಲ್ಕೆರೆ, ಹಿರಿಯೂರು, ಕೊನೆಗೆ 1568ರ ಸುಮಾರಿಗೆ ಚಿತ್ರದುರ್ಗಕ್ಕೆ ನಾಯಕನಾದ. ಈ ಊರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಕೋಟೆ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲು ಸಿಕ್ಕಿದ್ದೆಲ್ಲ ಮೇವಿನ ಬಯಲು. ವಂಶಕಥೆಗಳನ್ನು ಅಕ್ಷರಶಃ ನಂಬಬೇಕಿಲ್ಲ. ವಲಸೆಯ ದಾರಿ, ಪೂರ್ವಜರ ಹೆಸರು, ಬಂದ ಕಾಲ ಇವೆಲ್ಲ ಮುಂದೆ ಅಧಿಕಾರ ಬಂದ ಮೇಲೆ ತಿದ್ದಿ ಹೊಳಪು ಕೊಟ್ಟವೇ ಆಗಿರಬಹುದು. ಆದರೆ ಹೊಳಪು ಕೊಡುವವರು ಸಾಮಾನ್ಯವಾಗಿ ಸೂರ್ಯ ಚಂದ್ರರಿಂದ ವಂಶ ಎಳೆದು ತರುತ್ತಾರೆ; ದನ ಹೊಡೆದುಕೊಂಡು ಬಂದವರು ಎಂಬುದನ್ನು ಉಳಿಸಿಕೊಳ್ಳುವುದು ಅಪರೂಪ. ಆ ಮಾತು ಉಳಿದಿದೆ ಎಂಬ ಕಾರಣಕ್ಕೇ ಅದನ್ನು ನಂಬಬಹುದು.

ಇಲ್ಲಿಯೇ ಒಂದು ಆಕ್ಷೇಪ ಏಳುತ್ತದೆ, ಅದೂ ಭರಮಸಾಗರದ ಹೆಸರಿನಿಂದಲೇ. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕ ಕಟ್ಟಿಸಿದ ಕೆರೆಯಿಂದ ಊರಿಗೆ ಆ ಹೆಸರು. ದನ ಮೇಯಿಸುವ ಅರಸರಿಗೆ ಇಷ್ಟು ದೊಡ್ಡ ಕೆರೆ ಏಕೆ? ನಾಯಕರು ಕೆರೆ ಕಟ್ಟಿ ಬೇಸಾಯ ಬೆಳೆಸಿದವರು, ದನದ ಕಥೆ ಅವರ ಬಾಲ್ಯದ ನೆನಪು ಮಾತ್ರ ಎಂದು ಯಾರಾದರೂ ಹೇಳಬಹುದು. ಕೆರೆ ಇದ್ದದ್ದು ನಿಜ, ಅದರ ಕೆಳಗೆ ಗದ್ದೆ ಇದ್ದದ್ದೂ ನಿಜ. ಆದರೆ ಕೆರೆಯ ಅಚ್ಚುಕಟ್ಟು ಎಂಬುದು ಸುತ್ತಲ ಬಯಲಿನಲ್ಲಿ ಒಂದು ಹಸುರು ಚುಕ್ಕೆ. ಹಿರಿಯೂರು, ಚಳ್ಳಕೆರೆ ಕಡೆ ವರ್ಷದ ಮಳೆ 500 ಮಿ.ಮೀ. ಆಸುಪಾಸು, ಹೊಳಲ್ಕೆರೆ ಕಡೆ ಸ್ವಲ್ಪ ಹೆಚ್ಚು. ಇಷ್ಟು ಮಳೆಯಲ್ಲಿ, ಅದೂ ಒಂದು ವರ್ಷ ಬಂದು ಇನ್ನೊಂದು ವರ್ಷ ಕೈಕೊಡುವ ಮಳೆಯಲ್ಲಿ, ನೆಲಕ್ಕೆ ಕಟ್ಟಿಬಿದ್ದ ರೈತನಿಗಿಂತ ಕಾಲಿರುವ ಸಂಪತ್ತನ್ನು ಸಾಕಿದವನು ಭದ್ರ. ಮಳೆ ಬಿದ್ದ ಕಡೆ ದನ ನಡೆದು ಹೋಗುತ್ತದೆ, ಹೊಲ ಹೋಗುವುದಿಲ್ಲ. ಕೆರೆ ದನಕ್ಕೂ ಬೇಕು. ಬೇಸಿಗೆಯಲ್ಲಿ ಹಿಂಡು ನಿಲ್ಲುವುದು ನೀರಿದ್ದ ಕಡೆ. ಬೇಸಾಯ ಮತ್ತು ದನಗಾರಿಕೆಯನ್ನು ಎದುರಾಳಿಗಳಂತೆ ನಿಲ್ಲಿಸುವುದು ನಮ್ಮ ಕಾಲದ ಅಭ್ಯಾಸ. ನೇಗಿಲಿಗೆ ಎತ್ತು, ಹೊಲಕ್ಕೆ ಗೊಬ್ಬರ ಕೊಟ್ಟದ್ದು ಬಯಲಿನ ಹಿಂಡು. ಕುಯ್ಲಾದ ಹೊಲದಲ್ಲಿ ಕೂಳೆ ಮೇಯಲು ಬಂದದ್ದೂ ಅದೇ ಹಿಂಡು.

ದನವೇ ಸಂಪತ್ತಾಗಿದ್ದ ನಾಡಿನಲ್ಲಿ ದನಗಳ್ಳತನವೇ ಯುದ್ಧ. ಈ ಸೀಮೆಯ ಮಟ್ಟಿಗೆ ಮಾತ್ರವಲ್ಲ, ಕನ್ನಡ ನಾಡಿನ ಉದ್ದಗಲಕ್ಕೂ ಇರುವ ವೀರಗಲ್ಲುಗಳಲ್ಲಿ ತುರುಗಾಳಗದ ಕಲ್ಲುಗಳು ಒಂದು ದೊಡ್ಡ ಗುಂಪು. ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ನಿಂತ ಆಕಳುಗಳು, ಬಿಲ್ಲು ಬಾಣ ಹಿಡಿದ ವೀರ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಊರ ತುರುವನ್ನು ಮರಳಿಸಿ ಸತ್ತವನಿಗೆ ಭೂಮಿ ಬಿಟ್ಟುಕೊಟ್ಟ ಶಾಸನಗಳಿವೆ. ವಿರಾಟನ ಗೋವುಗಳನ್ನು ಕೌರವರು ಹಿಡಿದ ಕಥೆ ನಮ್ಮ ಹಳ್ಳಿಗಳಲ್ಲಿ ಇಷ್ಟು ಪ್ರಿಯವಾದುದಕ್ಕೆ ಕಾರಣ ಬರಿಯ ಭಾರತ ಭಕ್ತಿಯಲ್ಲ. ಕೇಳುವವರಿಗೆ ಅದು ನಿನ್ನೆ ಮೊನ್ನೆ ಪಕ್ಕದೂರಲ್ಲಿ ನಡೆದ ಸಂಗತಿಯಂತೆ ಇತ್ತು. ಪಾಳೆಯಗಾರಿಕೆ ಎಂಬುದನ್ನು ನಾವು ಕೋಟೆ ಕೊತ್ತಲಗಳ ಮೂಲಕ ನೋಡುತ್ತೇವೆ. ಒಬ್ಬ ಪಾಳೆಯಗಾರನ ಮೊದಲ ಬಂಡವಾಳ ಇದೇ ಆಗಿತ್ತೆಂದು ನನಗೆ ತೋರುತ್ತದೆ: ತನ್ನ ಹಿಂಡನ್ನು ಕಾಯಬಲ್ಲ, ಇನ್ನೊಬ್ಬನ ಹಿಂಡನ್ನು ತರಬಲ್ಲ ಕೆಲವು ನೂರು ಗಟ್ಟಿ ಆಳುಗಳು. ಹಿಂಡು ಕಾಯುವವನಿಗೂ ಸಿಪಾಯಿಗೂ ನಡುವೆ ಆಗ ಅಂತರವಿರಲಿಲ್ಲ.

ಹಿಂಡು ಕಾಯುವವರ ಬದುಕು ಹೇಗಿತ್ತು ಎಂಬುದಕ್ಕೆ ಬರೆದಿಟ್ಟ ಕಾಗದಗಳಿಗಿಂತ ಇಂದಿಗೂ ನಡೆಯುತ್ತಿರುವ ಆಚರಣೆಗಳೇ ಹೆಚ್ಚು ಹೇಳುತ್ತವೆ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು, ಕೂಡ್ಲಿಗಿಗಳ ಮ್ಯಾಸನಾಯಕರಲ್ಲಿ, ಅಂದರೆ ಅದೇ ಮ್ಯಾಸಬೇಡರಲ್ಲಿ, ದೇವರ ಎತ್ತುಗಳ ಮಂದೆ ಇದೆ. ಆ ದನಗಳು ಯಾರ ಮನೆಯ ಸ್ವತ್ತೂ ಅಲ್ಲ, ದೇವರದು. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ. ಸತ್ತರೆ ಮನುಷ್ಯರಂತೆಯೇ ಮಣ್ಣು ಮಾಡುತ್ತಾರೆ. ಅವುಗಳ ಜೊತೆ ಹಗಲು ಕಾಡಲ್ಲಿ, ಇರುಳು ಮುಳ್ಳು ಬೇಲಿಯ ರೊಪ್ಪದಲ್ಲಿ ಇರುವವನು ಕಿಲಾರಿ. ದೇವರು ಇರುವುದು ಪೆಟ್ಟಿಗೆಯಲ್ಲಿ. ಗುಡಿ ಕಟ್ಟಿ ಕೂರಿಸಿದ ದೇವರಲ್ಲ, ಹೊತ್ತುಕೊಂಡು ಹೊರಡಬಹುದಾದ ದೇವರು. ಇದರಲ್ಲೇ ಒಂದು ಜನಾಂಗದ ತಿರುಗಾಟದ ನಕ್ಷೆ ಇದೆ. ಅವರು ಹಾಡಿ ಹೊಗಳುವ ವೀರ ಗಾದ್ರಿ ಪಾಲನಾಯಕ ರಾಜ್ಯ ಗೆದ್ದವನಲ್ಲ. ದನಕ್ಕಾಗಿ ಹುಲಿಯೊಡನೆ ಕಾದಾಡಿದವನು. ಕಾಡುಗೊಲ್ಲರದ್ದೂ ಇದೇ ಬಗೆ. ಕಾರೆ, ಬಾರೆ ಮುಳ್ಳಿನ ಬೇಲಿ ಸುತ್ತಿದ ಗೊಲ್ಲರಹಟ್ಟಿ, ಅದರೊಳಗೆ ರೊಪ್ಪ, ಹಟ್ಟಿಯ ನಡುವೆ ದೇವರ ಗುಬ್ಬ. ಅವರ ಜುಂಜಪ್ಪ, ಎತ್ತಪ್ಪ ಇಬ್ಬರೂ ದನ ಕಾದವರೇ. ಜುಂಜಪ್ಪನ ಕಥೆಯನ್ನು ಹಾಡುವಾಗ ಗಣೆ ಎಂಬ ಉದ್ದನೆಯ ಬಿದಿರ ವಾದ್ಯ ಊದುತ್ತಾರೆ. ಆ ದನಿಗೆ ದನ ಬಂದು ನಿಲ್ಲುತ್ತಿದ್ದವು ಎಂಬ ನಂಬಿಕೆ ಇದೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಾಡುಗೊಲ್ಲರನ್ನು ಬೇಸಾಯಗಾರರಿಂದ ಬೇರೆಯಾದ ಒಂದು ಕಸುಬಿನವರೆಂದೇ ಗುರುತಿಸಿದ್ದಾನೆ. ಹುಲಿ, ಕಿರುಬ, ತೋಳ, ಕಳ್ಳ ಈ ನಾಲ್ಕರಿಂದ ಹಿಂಡು ಉಳಿಸುವುದು, ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರಿರುತ್ತದೆ, ಯಾವ ಹುಲ್ಲು ಹೂ ಬಿಡುವ ಮೊದಲೇ ಮೇಯಿಸಬೇಕು ಎಂದು ತಿಳಿದಿರುವುದು, ಕಾಲುಬಾಯಿ ಬೇನೆ ಬಂದ ದನವನ್ನು ಬೇರೆ ಮಾಡುವುದು ಇವೆಲ್ಲ ಬೇರೆ ಗತಿಯಿಲ್ಲದವರ ಪಾಡಲ್ಲ, ಕಲಿತು ಬರುವ ವಿದ್ಯೆ.

ಹೀಗೆಂದ ಮಾತ್ರಕ್ಕೆ ಹಟ್ಟಿಯ ಬದುಕನ್ನು ಬಣ್ಣ ಹಚ್ಚಿ ತೋರಿಸಬೇಕಾಗಿಲ್ಲ. ಹಟ್ಟಿಯ ಮಡಿಗೆ ಬೆಲೆ ತೆತ್ತವರು ಹೆಂಗಸರು. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಿಸುವ ಪದ್ಧತಿ ಕಾಡುಗೊಲ್ಲರಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದಿದೆ, ಹಸುಗೂಸುಗಳು ಚಳಿ ಮಳೆಗೆ ಸಿಕ್ಕಿವೆ. ಒಂದು ಕಸುಬಿನ ಜಾಣತನವನ್ನು ಗೌರವಿಸುವವರು ಅದರ ಜೊತೆಗಿದ್ದ ಕ್ರೌರ್ಯವನ್ನು ನುಂಗಿಕೊಳ್ಳಬಾರದು.

ದನ ಕಾಯುವವನನ್ನು ಲೋಕಪ್ರಸಿದ್ಧ ವೀರನನ್ನಾಗಿ ಮಾಡಿದ ಇನ್ನೊಂದು ಬಯಲು ಅಮೆರಿಕದ್ದು. ಟೆಂಟ್ ಸಿನಿಮಾದ ಕಾಲದಿಂದ ಆ ಅಗಲ ಟೋಪಿ, ಸೊಂಟದ ಪಿಸ್ತೂಲು ನಮ್ಮ ಹುಡುಗರಿಗೆಲ್ಲ ಗೊತ್ತು. ಗಾದ್ರಿ ಪಾಲನಾಯಕನ ಹೆಸರು ಗೊತ್ತಿರುವವರು ಎಷ್ಟು ಮಂದಿ ಎಂದು ಕೇಳುವುದು ಬೇಡ. ವಿಚಿತ್ರವೆಂದರೆ ಆ ಕೌಬಾಯ್ ಕಾಲ ಇದ್ದದ್ದು ಇಪ್ಪತ್ತು ವರ್ಷ ಮಾತ್ರ. ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನ ಉದ್ದ ಕೊಂಬಿನ ದನಗಳನ್ನು ನೂರಾರು ಮೈಲಿ ಉತ್ತರಕ್ಕೆ, ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗುವುದು ಶುರುವಾಯಿತು. 1867ರಲ್ಲಿ ಆಬಿಲೀನ್ ಎಂಬ ಊರು ಅದಕ್ಕೆ ಸಂತೆಯಾಯಿತು. 1874ರಲ್ಲಿ ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಹಕ್ಕುಪತ್ರ ಪಡೆದ. 1886–87ರ ಚಳಿಗಾಲದ ಹಿಮದಲ್ಲಿ ಲಕ್ಷಗಟ್ಟಲೆ ದನ ಸತ್ತು ತೆರೆದ ಬಯಲಿನ ವ್ಯಾಪಾರ ಮುರಿದುಬಿತ್ತು. ಅಲ್ಲಿ ದುಡಿದವರು ತಿಂಗಳ ಸಂಬಳದ ಆಳುಗಳು. ಅವರಲ್ಲಿ ಮೆಕ್ಸಿಕೋದವರೂ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರೂ ಬಹಳ ಮಂದಿ. ಕುಣಿಕೆ ಹಗ್ಗ, ಜೀನು, ಹಿಂಡು ಕೂಡಿಸುವ ಕ್ರಮ ಎಲ್ಲವನ್ನೂ ಬಿಳಿಯರು ಕಲಿತದ್ದು ಮೆಕ್ಸಿಕೋದ ದನಗಾಹಿಗಳಿಂದ. ಆ ಬಯಲು ಖಾಲಿಯಿತ್ತು ಎಂಬುದೂ ಕಟ್ಟುಕಥೆ. ಕಾಡೆಮ್ಮೆಗಳನ್ನು ಕೊಂದು, ಅವನ್ನು ನಂಬಿದ್ದ ಮೂಲನಿವಾಸಿಗಳನ್ನು ಓಡಿಸಿ ಖಾಲಿ ಮಾಡಿದ್ದು.

ಈ ಹೋಲಿಕೆಯೇ ಸಲ್ಲದು ಎನ್ನುವವರ ಮಾತಿನಲ್ಲಿ ಹುರುಳಿದೆ. ಅಲ್ಲಿ ದನವನ್ನು ಸಾಕಿದ್ದು ಮಾಂಸಕ್ಕೆ, ದೂರದ ಪೇಟೆಗೆ, ಕಂಪನಿಗಳ ಲಾಭಕ್ಕೆ. ಟೆಕ್ಸಾಸಿನ ಎಕ್ಸ್ ಐ ಟಿ ಎಂಬ ಒಂದೇ ದನದ ಕಾರಖಾನೆಗೆ ಮೂವತ್ತು ಲಕ್ಷ ಎಕರೆ ಇತ್ತು, ಅದರ ಬಂಡವಾಳ ಬ್ರಿಟನ್ನಿನದು. ಇಲ್ಲಿ ಸಾಕಿದ್ದು ಬೆಣ್ಣೆಗೆ, ಉಳುಮೆಗೆ, ಎಳೆತಕ್ಕೆ, ದೇವರಿಗೆ. ಅಲ್ಲಿ ಕುದುರೆ, ಇಲ್ಲಿ ಕಾಲ್ನಡಿಗೆ. ಆದರೆ ಹೋಲಿಕೆ ಬೇಕಾಗಿರುವುದು ಸಾಮ್ಯಕ್ಕಲ್ಲ, ಎರಡರ ಬಾಳಿಕೆಯ ವ್ಯತ್ಯಾಸಕ್ಕೆ. ಹೆಚ್ಚು ಕಡಿಮೆ ಅಷ್ಟೇ ಮಳೆ ಬೀಳುವ ಹುಲ್ಲುಬಯಲಿನಲ್ಲಿ ಅವರ ವ್ಯವಸ್ಥೆ ಇಪ್ಪತ್ತು ವರ್ಷಕ್ಕೆ ಕುಸಿಯಿತು, ಇಲ್ಲಿಯದು ಶತಮಾನಗಳ ಕಾಲ ನಿಂತಿತು. ಕುಸಿತಕ್ಕೆ ಹಿಮವೊಂದನ್ನೇ ದೂರುವಂತಿಲ್ಲ. ಯಾರ ಹುಲ್ಲೂ ಅಲ್ಲದ ಹುಲ್ಲಿಗೆ ಎಲ್ಲರೂ ಎಷ್ಟು ಬೇಕಾದರೂ ದನ ನುಗ್ಗಿಸಿದರು; ಚಳಿಗಾಲ ಬರುವ ಹೊತ್ತಿಗೆ ನೆಲದಲ್ಲಿ ಮೇವೇ ಇರಲಿಲ್ಲ. ಯಾವ ನೆಲವನ್ನು ಯಾವಾಗ ಮೇಯಿಸಬೇಕು, ಯಾವಾಗ ಬಿಡಬೇಕು ಎಂಬ ಕಟ್ಟಳೆ ಅಲ್ಲಿರಲಿಲ್ಲ. ಇಲ್ಲಿ ಇತ್ತು. ಅದರ ಹೆಸರು ಕಾವಲು.

ಕಾವಲಿನ ಚರಿತ್ರೆ ಮೈಸೂರು ಅರಮನೆಯ ಹಾಲು ಬೆಣ್ಣೆಯಿಂದ ಮೊದಲಾಗುತ್ತದೆ. ವಿಜಯನಗರದ ಪ್ರತಿನಿಧಿ ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಳ್ಳಿಕಾರ್ ಹಸುಗಳು ಒಡೆಯರ ಕೈಗೆ ಬಂದವು. ಚಿಕ್ಕದೇವರಾಜ ಒಡೆಯರ್ (1673–1704) ಅವಕ್ಕೆ ಬೇರೆ ಬೇರೆ ಕಡೆ ಮೇವಿನ ನೆಲ ಗೊತ್ತುಮಾಡಿ, ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನೇ ತೆರೆದರು. ಅರಮನೆಗೆ ಬೆಣ್ಣೆ ಒದಗಿಸುವ ಈ ಸಾತ್ವಿಕ ಇಲಾಖೆಯಲ್ಲಿ ಯುದ್ಧದ ಯಂತ್ರವನ್ನು ಕಂಡವನು ಹೈದರ್ ಅಲಿ. ತಾನು ಗೆದ್ದ ಪಾಳೆಯಗಾರರ ಹಿಂಡುಗಳನ್ನು ಸೇರಿಸಿಕೊಂಡು ಅದನ್ನು ಹಿಗ್ಗಿಸಿದ; ಸರ್ಕಾರದ ಹೆಸರಿನಲ್ಲಿ ಅವನು ಅರವತ್ತು ಸಾವಿರ ಎತ್ತು ಇಟ್ಟಿದ್ದನೆಂದು ಹೇಳುತ್ತಾರೆ. 1781ರಲ್ಲಿ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ನಡೆಸಿದ್ದು ಈ ಎತ್ತುಗಳ ಬಲದಿಂದ. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಪಾರಾಗುತ್ತಿದ್ದ. ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನು ಅಡ್ಡ ಹಾಯ್ದದ್ದೂ ಹೀಗೆಯೇ. ಬೆಣ್ಣೆ ಚಾವಡಿಯನ್ನು ಅಮೃತ ಮಹಲ್ ಎಂದು ಕರೆದವನು, ಹಿಂಡುಗಳ ಪಾಲನೆಗೆ ಹುಕುಂನಾಮೆ ಹೊರಡಿಸಿದವನು ಅವನೇ. ಆ ಕಟ್ಟಳೆಗಳನ್ನು ಮುಂದೆ ಇಂಗ್ಲಿಷರೂ ಪಾಲಿಸಿದರು. ಆರ್ಥರ್ ವೆಲ್ಲೆಸ್ಲಿ ದಖ್ಖನ್ನಿನ ದಂಡಯಾತ್ರೆಗಳಲ್ಲಿ ಈ ಎತ್ತುಗಳ ರುಚಿ ಕಂಡವನು. ಮುಂದೆ ಸ್ಪೇನಿನಲ್ಲಿ ನೆಪೋಲಿಯನ್ನನ ಪಡೆಗಳೆದುರು ಕಾದುವಾಗ ಮೈಸೂರಿನ ಎತ್ತು ತನ್ನ ಬಳಿ ಇಲ್ಲವಲ್ಲ ಎಂದು ಹಳಹಳಿಸಿದನಂತೆ.

ಎತ್ತಿನ ಹೊಗಳಿಕೆ ಎಲ್ಲರಿಗೂ ಗೊತ್ತು. ಎತ್ತಿಗಿಂತ ನನಗೆ ಕುತೂಹಲದ ಸಂಗತಿ ಅದನ್ನು ಬೆಳೆಸಿದ ನೆಲದ ಏರ್ಪಾಟು. ಅಮೃತ ಮಹಲ್ ಕಾವಲುಗಳು ಒಂದೇ ಕಡೆ ಇರಲಿಲ್ಲ. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು, ಮೈಸೂರು ಸೀಮೆಗಳಲ್ಲಿ ಚೆದುರಿದ್ದವು. ಒಟ್ಟು ವಿಸ್ತಾರ ನಾಲ್ಕು ಲಕ್ಷ ಎಕರೆಗೂ ಮಿಕ್ಕಿತ್ತು. ಅವನ್ನು ಮೂರಾಗಿ ವಿಂಗಡಿಸಿದ್ದರು: ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆಯವು ಬೆಲೆಯುಳ್ಳವು, ಕೆರೆಯ ಅಂಗಳ, ಹಳ್ಳದ ಬದಿ, ನೆರಳು ನೀರು ಇದ್ದ ಜಾಗ. ಮಳೆ ಬಿದ್ದೊಡನೆ ಹಿಂಡು ಬಯಲಿನ ಹೊಸ ಹುಲ್ಲಿಗೆ ಹೊರಡುತ್ತಿತ್ತು; ಅಷ್ಟರಲ್ಲಿ ಹಿಂದೆ ಬಿಟ್ಟ ನೆಲ ಚೇತರಿಸಿಕೊಳ್ಳುತ್ತಿತ್ತು. ಹಿಂಡು ಇಲ್ಲದ ತಿಂಗಳುಗಳಲ್ಲಿ ಸುತ್ತಲ ಹಳ್ಳಿಯವರ ದನ ಕುರಿಗಳಿಗೂ ಕಾವಲಿನಲ್ಲಿ ಎಡೆಯಿರುತ್ತಿತ್ತು, ಕೆಲವು ಕಡೆ ಕಾಣಿಕೆ ಕೊಟ್ಟು, ಕೆಲವು ಕಡೆ ರೂಢಿಯ ಬಲದಿಂದ, ಇನ್ನು ಕೆಲವು ಕಡೆ ಕಾವಲುಗಾರನ ಕಣ್ಣು ತಪ್ಪಿಸಿ. ಹೀಗೆ ಅರೆಕಾಡು ದನಗಳಾಗಿ ಬೆಳೆದ ಹೋರಿಗಳನ್ನು ಮೂರು ವರ್ಷದ ಸುಮಾರಿಗೆ ಪಳಗಿಸುವ ಕೆಲಸವಂತೂ ಟೆಕ್ಸಾಸಿನವರನ್ನೂ ನಾಚಿಸುವಂಥದು. ದೊಡ್ಡ ದೊಡ್ಡಿಯೊಳಗೆ ಹಿಂಡನ್ನು ಅಟ್ಟಿ, ಇಕ್ಕಟ್ಟಾದ ಬಾಯಿಯಿಂದ ಒಂದೊಂದನ್ನೇ ಹಾಯಿಸಿ, ಕುಣಿಕೆ ಎಸೆದು ಹಿಡಿದು, ಗೂಟಕ್ಕೆ ಬಿಗಿದು, ಆಮೇಲೆ ಪಳಗಿದ ಹಳೆಯ ಎತ್ತಿನ ಜೊತೆ ಕಟ್ಟಿ ನಡೆ ಕಲಿಸುತ್ತಿದ್ದರು. ಹಗ್ಗ ಎಸೆಯುವವನ ತೋಳು ಸ್ವಲ್ಪ ತಪ್ಪಿದರೆ ಕೊಂಬು ತಪ್ಪುತ್ತಿರಲಿಲ್ಲ. ಅಮೃತ ಮಹಲ್ ಕೊಂಬಿನ ಮೊನಚನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾವಲು ಎಂದರೆ ಸರ್ಕಾರ ಜನರಿಂದ ಕಿತ್ತುಕೊಂಡ ಹುಲ್ಲಲ್ಲವೇ, ಅದನ್ನು ಹೊಗಳುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹೈದರ್ ಚಿತ್ರದುರ್ಗ ಗೆದ್ದ ಮೇಲೆ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಹುಡುಗರಿಂದ ಚೇಲಾ ಪಡೆ ಕಟ್ಟಿದ. ಹಿಂಡಿನ ಒಡೆಯರಾಗಿದ್ದವರ ನಾಡಿನಲ್ಲೇ ಹಿಂಡು ಸರ್ಕಾರದ್ದಾಯಿತು, ಅವರಂಥವರು ಕಾಯುವ ಆಳುಗಳಾದರು. ಇದನ್ನು ಒಪ್ಪಂದ ಎನ್ನುವುದು ಅತಿಯಾದೀತು. ಆದರೂ ಒಂದು ಮಾತಿದೆ. ದೊರೆಗೆ ಬೇಕಾದ ಎತ್ತು ಬೆಳೆಯಲು ಹುಲ್ಲು ಹುಲ್ಲಾಗಿಯೇ ಉಳಿಯಬೇಕಿತ್ತು. ಹುಲ್ಲು ಬಲ್ಲವರು ಹತ್ತಿರದಲ್ಲೇ ಇರಬೇಕಿತ್ತು. ದೊರೆಯ ಸ್ವಾರ್ಥ ಮತ್ತು ಹಟ್ಟಿಯವರ ಬದುಕು ಒಂದೇ ನೆಲವನ್ನು ಒಂದೇ ರೀತಿ ಉಳಿಸಿಕೊಳ್ಳಬೇಕಾದ ಅಗತ್ಯಕ್ಕೆ ಸಿಕ್ಕಿದ್ದವು. ಆಳುವವರು ಒಳ್ಳೆಯವರಾಗಿದ್ದರಿಂದ ಕಾವಲು ಉಳಿಯಿತೆಂದು ನಾನು ಹೇಳುತ್ತಿಲ್ಲ. ಅವರಿಗೆ ಅದು ಬೇಕಾಗಿತ್ತು.

ಬೇಕಾಗಿತ್ತು ಎಂಬುದಕ್ಕೆ ಪುರಾವೆಯನ್ನು ಇಂಗ್ಲಿಷರೇ ಒದಗಿಸಿದ್ದಾರೆ. 1799ರ ನಂತರ ಹಿಂಡುಗಳು ಮೈಸೂರು ಸರ್ಕಾರದ ವಶದಲ್ಲಿ ಸೊರಗಿದವು. 1813ರಲ್ಲಿ ಮದರಾಸು ಸೈನ್ಯದ ಅಧಿಕಾರಿಗಳು ವಹಿಸಿಕೊಂಡ ಮೇಲೆ ಮತ್ತೆ ಹೆಚ್ಚಿದವು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಕಡಿಮೆ ಮಾಡುವ ಹಟದಲ್ಲಿ ಇಡೀ ಇಲಾಖೆಯನ್ನು ಮುಚ್ಚಿಸಿ ದನಗಳನ್ನು ಹರಾಜು ಹಾಕಿಸಿದ. ಸೈನ್ಯಕ್ಕೆ ಬೇಕಾದ ಎತ್ತನ್ನು ಪೇಟೆಯಲ್ಲಿ ಕೊಂಡರಾಯಿತು ಎಂಬುದು ಲೆಕ್ಕ. ಪೇಟೆಯಲ್ಲಿ ಅಂಥ ಎತ್ತು ಸಿಗಲಿಲ್ಲ. ಆರೇ ವರ್ಷದಲ್ಲಿ, 1866ರಲ್ಲಿ, ಹಳೆಯ ತಳಿಯ ಹಸುಗಳನ್ನು ಹುಡುಕಿ ಹುಡುಕಿ ಕೂಡಿಸಿ ಅಮೃತ ಮಹಲನ್ನು ಮತ್ತೆ ನಿಲ್ಲಿಸಬೇಕಾಯಿತು. ಕಾವಲಿನ ನೆಲ ಅಷ್ಟರಲ್ಲಿ ಪೂರ್ತಿ ಕೈಬಿಟ್ಟಿರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು. 1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ಬಂತು. ಹೊಸದುರ್ಗಕ್ಕೆ ಮಗ್ಗುಲಾದ ಅಜ್ಜಂಪುರ ಅದರ ಕೇಂದ್ರವಾಯಿತು. ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ, ಚಿಕ್ಕಎಮ್ಮಿಗನೂರುಗಳಲ್ಲಿ ಉಪಕೇಂದ್ರಗಳಿವೆ. ಇದೇ ಹೊತ್ತಿಗೆ ಕಡಲಾಚೆ ನಡೆದ ಒಂದು ಸಂಗತಿ ಹೇಳಿ ಮುಂದಕ್ಕೆ ಹೋಗುತ್ತೇನೆ: ಬಿಸಿಲಿಗೂ ಉಣ್ಣಿಗಳಿಗೂ ತಡೆಯದ ತಮ್ಮ ದನಗಳಿಂದ ಬೇಸತ್ತ ಟೆಕ್ಸಾಸಿನ ದನಗಾರರು ಭಾರತದ ಗೂಳಿಗಳನ್ನು ತರಿಸಿಕೊಂಡು ಬ್ರಾಹ್ಮನ್ ಎಂಬ ತಳಿ ಕಟ್ಟಿದರು. ಅದರಲ್ಲಿ ಗಿರ್, ಒಂಗೋಲ್, ಕಾಂಕ್ರೇಜ್‌ಗಳ ಜೊತೆ ನಮ್ಮ ಕೃಷ್ಣಾ ತೀರದ ತಳಿಯ ರಕ್ತವೂ ಇದೆ. ಕೌಬಾಯ್ ನಾಡು ನಮ್ಮಿಂದ ದನ ತರಿಸಿಕೊಂಡಿತು. ಕಾವಲಿನ ಕಟ್ಟಳೆಯನ್ನು ತರಿಸಿಕೊಳ್ಳುವ ಯೋಚನೆ ಯಾರಿಗೂ ಬಂದಂತಿಲ್ಲ.

ಹಾಗಾದರೆ ಈ ಸೀಮೆ ಬರಡು ಎನಿಸಿಕೊಂಡದ್ದು ಯಾವಾಗ? 1863ರಲ್ಲಿ ಕಮಿಷನರ್ ಬೌರಿಂಗ್ ಕಾಲದಲ್ಲಿ ಮೈಸೂರಿನ ಕಂದಾಯ ಸರ್ವೆ ಶುರುವಾಯಿತು. ನೆಲವನ್ನು ಸರಪಳಿ ಹಿಡಿದು ಅಳೆದು, ತರಿ, ಖುಷ್ಕಿ, ಬಾಗಾಯ್ತು ಎಂದು ತರಗತಿ ಹಾಕಿ, ಉಳಲಾಗದ್ದನ್ನು ಖರಾಬು ಎಂದು ಬರೆದರು. ಕಂದಾಯ ಕೊಡದ ನೆಲ ಕೆಲಸಕ್ಕೆ ಬಾರದ ನೆಲ ಎಂಬ ಎಣಿಕೆ ಅಲ್ಲಿ ಗಟ್ಟಿಯಾಯಿತು. ಬೆಣ್ಣೆ, ಎತ್ತು, ಗೊಬ್ಬರ, ಉಣ್ಣೆ ಇವು ಎಕರೆಯ ಲೆಕ್ಕಕ್ಕೆ ಸಿಗುವಂಥವಲ್ಲ. ಅಮೆರಿಕದಲ್ಲಿ ಮುಳ್ಳುತಂತಿ ಹತ್ತು ವರ್ಷದಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಸರ್ವೆ ಪುಸ್ತಕ ನೂರು ವರ್ಷ ತೆಗೆದುಕೊಂಡು ಮಾಡಿತು. 1876–78ರ ಧಾತು ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲು ಜನರನ್ನು ಬಲಿ ತೆಗೆದುಕೊಂಡ ಮೇಲೆ, ನೀರಾವರಿಯೇ ಉಳಿವಿನ ದಾರಿ ಎಂಬ ನಂಬಿಕೆ ಬಲಿತದ್ದು ಸಹಜ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಅದು ಒಳ್ಳೆಯದನ್ನೇ ಮಾಡಿತು. ಎರಡನೆಯ ಮಹಾಯುದ್ಧದ ಕಾಲದ ಹೆಚ್ಚು ಆಹಾರ ಬೆಳೆಯಿರಿ ಆಂದೋಲನದಲ್ಲಿ, ಸ್ವಾತಂತ್ರ್ಯದ ನಂತರದ ಭೂಹಂಚಿಕೆಯಲ್ಲಿ ಕಾವಲುಗಳು ತುಂಡು ತುಂಡಾಗಿ ಉಳುಮೆಗೆ ಹೋದವು. ನೆಲವಿಲ್ಲದವರಿಗೆ ನೆಲ ಸಿಕ್ಕಿತು ಎಂಬುದನ್ನು ಮರೆತು ಇದನ್ನು ಬರಿಯ ನಷ್ಟವೆಂದು ಬರೆಯಲಾರೆ. ಆದರೆ ಹಾಗೆ ಉತ್ತ ನೆಲದಲ್ಲಿ ಬಹುಪಾಲು ತೆಳುಮಣ್ಣಿನದು. ಮೂರು ವರ್ಷ ಬೆಳೆದು ನಾಲ್ಕನೆಯ ವರ್ಷ ಬಿತ್ತನೆಯ ಬೀಜವನ್ನೂ ಹಿಂದಿರುಗಿಸದ ನೆಲ.

ಎತ್ತಿನ ಕಾಲ ಮುಗಿದಿದೆ, ಟ್ರ್ಯಾಕ್ಟರ್ ಬಂದ ಮೇಲೆ ಕಾವಲು ಯಾರಿಗೆ ಬೇಕು ಎಂಬುದು ಇವತ್ತಿನ ದೊಡ್ಡ ಆಕ್ಷೇಪ. ಎತ್ತಿನ ಮಟ್ಟಿಗೆ ಅದು ನಿಜಕ್ಕೆ ಹತ್ತಿರ. ಅಜ್ಜಂಪುರದ ಹೋರಿಗರುಗಳ ಹರಾಜಿನಲ್ಲಿ ರೈತರು ಪೈಪೋಟಿಯಿಂದ ಬೆಲೆ ಕೂಗುತ್ತಾರಾದರೂ ಅದರಲ್ಲಿ ದುಡಿಮೆಯ ಅಗತ್ಯಕ್ಕಿಂತ ಹೆಮ್ಮೆಯ ಪಾಲು ಹೆಚ್ಚು. ಆದರೆ ಕಾವಲು ಸಾಕಿದ್ದು ಸರ್ಕಾರಿ ಎತ್ತನ್ನು ಮಾತ್ರವಲ್ಲ. ಈ ಜಿಲ್ಲೆ ಇಂದಿಗೂ ಕುರಿಯ ಜಿ‍ಲ್ಲೆ. ಚಳ್ಳಕೆರೆ ಸೀಮೆಯ ಕಂಬಳಿ ನೇಕಾರರ ಉಣ್ಣೆ ಮೇಯುವುದು ಇದೇ ಹುಲ್ಲಿನಲ್ಲಿ. ದನದಿಂದಲೇ ಬಯಲು ಬೋಳಾಯಿತು ಎಂಬ ಮಾತೂ ಇದೆ. ಮೇಯುವ ನೆಲ ಹತ್ತರಲ್ಲಿ ಎರಡಾದಾಗ ಉಳಿದ ಎರಡು ಬೋಳಾಗುವುದರಲ್ಲಿ ಆಶ್ಚರ್ಯವಿಲ್ಲ. ಹುಲ್ಲುಗಾವಲೆಂದರೆ ಕೆಟ್ಟುಹೋದ ಕಾಡು ಎಂಬ ಹಳೆಯ ನಂಬಿಕೆಯನ್ನು ಪರಿಸರ ವಿಜ್ಞಾನಿಗಳೇ ಈಗ ಬಿಡುತ್ತಿದ್ದಾರೆ. ಕೃಷ್ಣಮೃಗ, ತೋಳಗಳಿಗೆ ಮನೆ ಇಂಥ ಬಯಲೇ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ. ದನ ಮೇಯ್ದು ಹಾಳಾಗಿದ್ದರೆ ಅಲ್ಲಿ ಜಿಂಕೆ ಉಳಿದಿರುತ್ತಿರಲಿಲ್ಲ.

ಚಳ್ಳಕೆರೆಯ ಸಂಗತಿ ಎಲ್ಲಕ್ಕಿಂತ ಕಠಿಣ. 2008ರಿಂದ ಮೂರ್ನಾಲ್ಕು ವರ್ಷಗಳಲ್ಲಿ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನು ಸರ್ಕಾರ ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟಿತು: ರಕ್ಷಣಾ ಸಂಶೋಧನೆಗೆ 4,000 ಎಕರೆಗೂ ಹೆಚ್ಚು, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800ಕ್ಕೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೂ ಒಂದಷ್ಟು. ಹಳ್ಳಿಯವರ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಇಲ್ಲಿ ಒಬ್ಬ ಚುರುಕು ವಾದಿ ಹೀಗೆನ್ನಬಹುದು: ನೀವೇ ಹೇಳಿದಿರಿ, ಕಾವಲು ಹೈದರನ ಕಾಲದಿಂದ ಯುದ್ಧದ ನೆಲ, ಆಗ ಫಿರಂಗಿಯ ಎತ್ತು, ಈಗ ಚಾಲಕನಿಲ್ಲದ ವಿಮಾನದ ಪರೀಕ್ಷೆ, ಚರಿತ್ರೆ ಮುಂದುವರಿದಿದೆ, ಮುರಿದಿಲ್ಲ. ವಾದ ಚೆನ್ನಾಗಿದೆ, ಆದರೆ ಒಂದು ಕಡೆ ಜಾರುತ್ತದೆ. ಹೈದರನ ಶಸ್ತ್ರಕ್ಕೆ ಹುಲ್ಲು ಬೇಕಿತ್ತು, ಹುಲ್ಲು ಬೆಳೆಯಲು ಬೇಲಿಯಿಲ್ಲದ ಬಯಲು ಬೇಕಿತ್ತು. ಈಗಿನ ಶಸ್ತ್ರಕ್ಕೆ ಗೋಡೆ ಬೇಕು. ಇನ್ನು, ರಾಜ್ಯದ ಒಟ್ಟು ಕಾವಲಿನ ಮುಂದೆ ಹತ್ತು ಸಾವಿರ ಎಕರೆ ಎಷ್ಟು ಮಹಾ ಎನ್ನುವವರು ಕಾವಲನ್ನು ಸೈಟಿನಂತೆ ಅಳೆಯುತ್ತಿದ್ದಾರೆ. ಮಳೆಗಾಲದ ನೆಲದಿಂದ ಚಳಿಗಾಲದ ನೆಲಕ್ಕೆ, ಅಲ್ಲಿಂದ ಬೇಸಿಗೆಯ ನೆಲಕ್ಕೆ ಹಿಂಡು ತಿರುಗಿದಾಗ ಮಾತ್ರ ಮೂರೂ ನೆಲಗಳಿಗೆ ಬೆಲೆ. ಮೂರರಲ್ಲಿ ಒಂದಕ್ಕೆ ಗೋಡೆ ಬಿದ್ದರೆ ಹಿಂಡು ಉಳಿದ ಎರಡರಲ್ಲೇ ವರ್ಷವಿಡೀ ನಿಲ್ಲಬೇಕು. ಎರಡು ವರ್ಷದಲ್ಲಿ ಅವೂ ಬೋಳಾಗುತ್ತವೆ. ಆಮೇಲೆ ಅಳೆಯಲು ಬರುವವರು ಅವನ್ನೂ ಬರಡೆಂದೇ ಬರೆದುಕೊಂಡು ಹೋಗುತ್ತಾರೆ, ಆ ಹೊತ್ತಿಗೆ ಅದು ಸುಳ್ಳೂ ಆಗಿರುವುದಿಲ್ಲ.